ಆರಕ್ಷರದ ಇಂಗ್ಲಿಷೂ ಒಂದು ಚೀಲ ಕೊಬ್ಬರಿಯೂ

ಮೊನ್ನೆ ಸಂಜೆ ಅಂಗಡಿಯಿಂದ ಹುರಿದ ಕಡಲೆಕಾಯಿ ಕಟ್ಟಿಸಿಕೊಂಡು ಬಂದೆ. ತಿಂದು ಮುಗಿಸಿದ ಮೇಲೆ ಪೊಟ್ಟಣದ ಕಾಗದವನ್ನು ಬಿಡಿಸಿ, ಕೊಡವಿ, ಮಡಿಸಿ ಕಸದ ಬುಟ್ಟಿಗೆ ಹಾಕುವುದು ನನ್ನ ಕ್ರಮ. ಉಂಡೆ ಮಾಡಿ ಎಸೆಯುವವರನ್ನು ಕಂಡರೆ ನನಗೆ ಆಗದು. ಹಾಗೆ ಬಿಡಿಸುವಾಗ ನೋಡುತ್ತೇನೆ, ಅದು ಯಾವುದೋ ಇಂಗ್ಲಿಷ್ ಪತ್ರಿಕೆಯ ಹರಕು ಪುಟ. ಆರು ಅಕ್ಷರಗಳ ಅಪರೂಪದ ಪದಗಳನ್ನು ಸಾಲಾಗಿ ಜೋಡಿಸಿ, ಇವುಗಳ ಅರ್ಥ ಬಲ್ಲಿರಾ ಎಂದು ಓದುಗರಿಗೆ ಸವಾಲು ಹಾಕಿದ್ದರು.

ಕ್ವಾಗಾ ಎಂದೊಂದು ಪದ. ಮುಂದಿನ ಅರ್ಧ ಜೀಬ್ರಾದ ಹಾಗೂ ಹಿಂದಿನ ಅರ್ಧ ಕತ್ತೆಯ ಹಾಗೂ ಇದ್ದ ಪ್ರಾಣಿಯಂತೆ. ಅದರ ಸಂತತಿ ಎಂದೋ ಅಳಿದು ಹೋಯಿತಂತೆ. ಪ್ರಾಣಿಯೇ ಇಲ್ಲದ ಮೇಲೆ ಹೆಸರಿನ ಹಗ್ಗವನ್ನು ಹಿಡಿದು ನಾವು ಯಾವ ಕೊಟ್ಟಿಗೆಗೆ ಹೊಡೆದುಕೊಂಡು ಹೋಗಬೇಕು? ಲೂನುಲ ಎಂದು ಇನ್ನೊಂದು. ಉಗುರಿನ ಬುಡದಲ್ಲಿ ಬೆಳ್ಳಗೆ ಕಾಣುವ ಅರ್ಧಚಂದ್ರಕ್ಕೆ ಆ ಹೆಸರು. ನನ್ನ ಬೆರಳುಗಳಲ್ಲಿ ಅದು ಹುಟ್ಟಿದಂದಿನಿಂದ ಇದೆ. ಹೆಸರು ಹಿಡಿದು ಕರೆಯುವ ಸಂದರ್ಭ ಒಂದೂ ಬಂದಿಲ್ಲ. ಕರೆಯದೆ ಹೋದದ್ದಕ್ಕೆ ಅದೂ ಬೇಸರ ಮಾಡಿಕೊಂಡ ಹಾಗಿಲ್ಲ.

ಆರು ಅಕ್ಷರ ಎಂದರೆ ಇಂಗ್ಲಿಷಿನ ಲೆಕ್ಕದಲ್ಲಿ ಆರು. ಕನ್ನಡದಲ್ಲಿ ಬರೆದರೆ ಇವುಗಳ ದರ್ಬಾರು ಎರಡು ಮೂರಕ್ಕೇ ಮುಗಿದುಹೋಗುತ್ತದೆ. ಇಂಥ ಪದಗಳನ್ನು ಗಿಳಿಯ ಹಾಗೆ ಒಪ್ಪಿಸುವ ಜನ ನನ್ನ ಆಯುಷ್ಯದಲ್ಲಿ ಬೇಕಾದಷ್ಟು ಸಿಕ್ಕಿದ್ದಾರೆ. ಅವರಲ್ಲಿ ಒಬ್ಬರೂ ಹೇಳಿದ ಹೊತ್ತಿಗೆ ಬಂದವರಲ್ಲ.

ನಾನು ಓದಿದ್ದು ತಿಪಟೂರಿನ ಒಂದು ಉಚಿತ ವಿದ್ಯಾರ್ಥಿನಿಲಯದಲ್ಲಿ. ಅಲ್ಲಿ ಮರಕ್ಕೆ ನೇತುಹಾಕಿದ ರೈಲು ಕಂಬಿಯ ತುಂಡೊಂದಿತ್ತು. ಅದನ್ನು ಬಡಿದರೆ ಏಳಬೇಕು, ಬಡಿದರೆ ಸ್ನಾನ, ಬಡಿದರೆ ಪ್ರಾರ್ಥನೆ, ಬಡಿದರೆ ಮುದ್ದೆ. ಎಚ್ಚರಿಕೆಯ ಗಂಟೆಗೆ ಇಂಗ್ಲಿಷಿನಲ್ಲಿ ಟಾಕ್ಸಿನ್ ಎಂಬ, ವಿಷದ ಟಾಕ್ಸಿನ್ ಅಲ್ಲದ, ಆರಕ್ಷರದ ಪದವಿದೆ ಎಂದು ನನಗೆ ತಿಳಿದದ್ದು ಮೇಷ್ಟ್ರಾದ ಮೇಲೆ. ತಿಳಿಯದಿದ್ದ ಕಾಲದಲ್ಲಿ ನಾವೇನೂ ಮಲಗಿಕೊಂಡಿರಲಿಲ್ಲ. ತಡವಾಗಿ ಎದ್ದವನ ಕಂಬಳಿಯ ಮೇಲೆ ಒಂದು ಚೊಂಬು ತಣ್ಣೀರು ಬೀಳುತ್ತಿತ್ತು. ಆ ತಣ್ಣೀರಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ನನ್ನ ಶಿಸ್ತೆಲ್ಲ ಆ ಕಂಬಿಯದು. ಈಗಲೂ ಮೊಮ್ಮಕ್ಕಳು ನನ್ನನ್ನು ನೋಡಿ ಗಡಿಯಾರಕ್ಕೆ ಕೀಲಿ ಕೊಡುತ್ತಾರೆ ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ, ಅವಳ ಕಾಫಿ ಸಹ ನನ್ನಿಂದಾಗಿಯೇ ವೇಳೆಗೆ ಸರಿಯಾಗಿ ಆಗುತ್ತಿದೆ.

ಆ ಹರಕು ಪುಟವನ್ನು ಮಡಿಸಿ ಬುಟ್ಟಿಗೆ ಹಾಕಿದೆನಾದರೂ ಅದರ ಹಿಂದೆಯೇ ರುದ್ರಪ್ಪನವರು ನೆನಪಿಗೆ ಬಂದು ಕುಳಿತರು. ಕರೆಯದ ಕಡೆ ಬಂದು ಕೂರುವುದು ಅವರಿಗೆ ಬದುಕಿದ್ದಾಗಲೂ ಅಭ್ಯಾಸವಿತ್ತು.

ಇದು ಎಪ್ಪತ್ತರ ದಶಕದ ನಡುವಿನ ಮಾತು. ರುದ್ರಪ್ಪನವರದು ತಿಪಟೂರಿನಲ್ಲಿ ಕೊಬ್ಬರಿ ಮಂಡಿ. ಮಂಡಿಯ ವ್ಯಾಪಾರ ಹೇಗೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ತೆಂಗಿನಕಾಯಿಯನ್ನು ವರ್ಷದ ಮಟ್ಟಿಗೆ ಅಟ್ಟದ ಮೇಲೆ ಹಾಕಿ, ಒಳಗಿನ ನೀರೆಲ್ಲ ತಾನಾಗಿ ಬತ್ತಿ, ಅಲ್ಲಾಡಿಸಿದರೆ ಗಡಗಡ ಎನ್ನುವ ತನಕ ಕಾಯುತ್ತೇವೆ. ಆಮೇಲೆ ಸುಲಿದು, ಉಂಡೆ ಕೊಬ್ಬರಿ ತೆಗೆದು, ಚೀಲ ತುಂಬಿ ಮಂಡಿಗೆ ಹಾಕುತ್ತೇವೆ. ಸಾಹುಕಾರ ಚೀಲದ ಬಾಯಿ ಬಿಚ್ಚಿ, ಮೊಣಕೈವರೆಗೆ ಕೈ ತೂರಿಸಿ, ನಡುವಿನಿಂದ ಒಂದು ಉಂಡೆ ಎತ್ತಿ ಒಡೆಯುತ್ತಾನೆ. ಬಿಳುಪು ನೋಡುತ್ತಾನೆ, ಮೂಸುತ್ತಾನೆ, ಚೂರು ಬಾಯಿಗೆ ಹಾಕಿಕೊಳ್ಳುತ್ತಾನೆ. ಆ ಒಂದು ಉಂಡೆಯ ಮೇಲೆ ಇಡೀ ಚೀಲಕ್ಕೆ ದರ ಕಟ್ಟುತ್ತಾನೆ. ದರ ಕೂಗಿದ ಮೇಲೆ ರೈತನ ಕಡೆ ತಿರುಗಿ 'ಕೊಡ್ತೀಯೇನಪ್ಪಾ?' ಎಂದು ಒಂದು ಮಾತು ಕೇಳುವುದು ವಾಡಿಕೆ. ಒಪ್ಪದಿದ್ದರೆ ರೈತ ಚೀಲದ ಬಾಯಿ ಕಟ್ಟಿ ಗಾಡಿಗೆ ಹಾಕಿಕೊಂಡು ಹೋಗಬಹುದು.

ಕೊಬ್ಬರಿಗೆ ಇದು ಸರಿಯಾದ ಪದ್ಧತಿ. ಆದರೆ ಒಂದೇ ಪದ್ಧತಿಯನ್ನು ಬಹಳ ಕಾಲ ಮಾಡಿದವನಿಗೆ ಪ್ರಪಂಚವೆಲ್ಲ ಚೀಲವಾಗಿ ಕಾಣಲು ಶುರುವಾಗುತ್ತದೆ. ರುದ್ರಪ್ಪನವರಿಗೆ ಆದದ್ದೂ ಅದೇ. ನಡುವಯಸ್ಸಿನಲ್ಲಿ ಅವರಿಗೆ ಇಂಗ್ಲಿಷಿನ ಹುಚ್ಚು ಹಿಡಿಯಿತು. ಒಂದು ದಪ್ಪ ಡಿಕ್ಷನರಿ ತರಿಸಿ ಮಂಡಿಯ ಗಾದಿಯ ಮೇಲೆ, ತಕ್ಕಡಿ ಬಟ್ಟಿನ ಪಕ್ಕದಲ್ಲಿ ಇಟ್ಟುಕೊಂಡರು. ದಿನಕ್ಕೊಂದು ಪದ ಕಲಿಯುವುದು, ಸಿಕ್ಕಿದವರನ್ನು ಅದರಿಂದ ಹೊಡೆಯುವುದು. ಅದೂ ಆರಕ್ಷರದ ಪದವೇ ಆಗಬೇಕು. ಯಾಕೆ ಎಂದು ನಾನೊಮ್ಮೆ ಕೇಳಿದೆ.

"ಐದಕ್ಷರದ್ದು ಎಲ್ರಿಗೂ ಬತ್ತದೆ ಮೇಷ್ಟ್ರೇ. ಏಳಕ್ಷರದ್ದು ಲಾಯರಿಗಳಿಗೆ. ಮರ್ಯಾದಸ್ತರಿಗೆ ಆರೇ ಸರಿ" ಎಂದರು.

ಈ ಸಿದ್ಧಾಂತ ಯಾವ ಡಿಕ್ಷನರಿಯಲ್ಲಿತ್ತೋ ನಾನು ಕಾಣೆ. ಬ್ಯಾಂಕಿನವರು, ಡಾಕ್ಟರು, ಸ್ಟೇಷನ್ ಮಾಸ್ಟರು, ಯಾರೇ ಎದುರಾದರೂ ಒಂದು ಪದ ಎಸೆಯುವರು. ಗೊತ್ತಿಲ್ಲ ಎಂದರೆ ತುಟಿ ಓರೆ ಮಾಡಿ, "ಒಳಗೆ ಕಪ್ಪು ಕಣ್ಲಾ" ಎಂದು ಪಕ್ಕದವನಿಗೆ ಹೇಳುವರು. ಕೆಟ್ಟ ಕೊಬ್ಬರಿಗೆ ಹೇಳುವ ಮಾತದು. ಸ್ಟೇಷನ್ ಮಾಸ್ಟರು ರೈಲುಗಳನ್ನು ಸರಿಯಾಗಿಯೇ ಬಿಡುತ್ತಿದ್ದರು, ಆದರೂ ಒಳಗೆ ಕಪ್ಪು.

ಇಷ್ಟಕ್ಕೇ ನಿಂತಿದ್ದರೆ ಊರಿಗೊಂದು ವಿನೋದ ಎನ್ನಬಹುದಿತ್ತು. ಆದರೆ ಅವರಿಗೆ ಶಿವಕುಮಾರ ಎಂಬ ತಂಗಿಯ ಮಗನಿದ್ದ. ತಂದೆ ತೀರಿಕೊಂಡಿದ್ದ ಆ ಹುಡುಗನನ್ನು ಓದಿಸಿ ದನದ ಡಾಕ್ಟರು ಮಾಡಿದವರು ಇವರೇ. ಅವನಿಗೆ ಹೆಣ್ಣು ನೋಡುವ ಕೆಲಸವೂ ಇವರದೇ ಆಯಿತು. ಹೆಣ್ಣಿನ ಮನೆಯಲ್ಲಿ ಉಪ್ಪಿಟ್ಟು ತಿಂದು, ವಚನ ಹಾಡಿಸಿ, ಕೊನೆಯಲ್ಲಿ ಒಂದು ಆರಕ್ಷರದ ಪದ ಕೇಳುವರು.

ಚಿಕ್ಕನಾಯಕನಹಳ್ಳಿ ಕಡೆಯ ಒಂದು ಮನೆಯಲ್ಲಿ ಹೀಗೆಯೇ ಕಾಕ್ಸಿಕ್ಸ್ ಎಂದರೇನು ಎಂದು ಕೇಳಿದರಂತೆ. ಹುಡುಗಿ ತಲೆ ತಗ್ಗಿಸಿದಳು. ಪಾಪ, ಅವಳ ಅಜ್ಜಿ ನಿಜವಾದ ಕುತೂಹಲದಿಂದ, "ಅದೇನು ನೀವೇ ಹೇಳ್ರಪ್ಪ, ನಾವೂ ತಿಳ್ಕಂತೀವಿ" ಎಂದರು. ಬೆನ್ನುಮೂಳೆಯ ಕಟ್ಟಕಡೆಯ ತುದಿ, ನಾವು ಊರಿ ಕೂರುವ ಜಾಗದ್ದು ಎಂದು ಇವರು ವಿವರಿಸಿದರು. ಅಜ್ಜಿ ಎದ್ದು ನಿಂತರು.

"ಮದ್ವೆ ಹೆಣ್ಣಿನ ಮುಂದೆ ಕುಂಡಿ ಮೂಳೆ ಹೆಸ್ರು ಕೇಳೋಕೆ ಬಂದ್ಯಾ? ಏಳಯ್ಯ ಮೇಲಕ್ಕೆ, ನಿಂದು ಎಲ್ಲೈತೆ ಅಂತ ನಾನೇ ತೋರುಸ್ತೀನಿ!"

ಮೂಲೆಯಲ್ಲಿದ್ದ ಗರಿಕಡ್ಡಿ ಪೊರಕೆ ಅಜ್ಜಿಯ ಕೈಗೆ ಬಂತು ಎನ್ನುವವರೂ ಇದ್ದಾರೆ, ಬರುವ ಮೊದಲೇ ಇವರು ಬಸ್ ಹತ್ತಿದ್ದರು ಎನ್ನುವವರೂ ಇದ್ದಾರೆ. ಯಾವುದಾದರೂ ಸರಿ, ನನಗೆ ಆ ಅಜ್ಜಿಯ ಮೇಲೆ ಬಹಳ ಗೌರವ.

ಅದರಿಂದ ಪಾಠ ಕಲಿತರೇ? ಎಲ್ಲಿಯ ಮಾತು. ಮುಂದಿನ ಚೀಲ ನಮ್ಮ ಮನೆಯದಾಯಿತು.

ನಮ್ಮೂರು ತುರುವೇಕೆರೆ ತಾಲ್ಲೂಕು, ಮಾಯಸಂದ್ರದ ದಾರಿಯಲ್ಲಿದೆ. ನಾನು ಆಗ ತುರುವೇಕೆರೆಯಲ್ಲಿ ಲೆಕ್ಕದ ಮೇಷ್ಟ್ರು. ತಂಗಿ ಗಿರಿಜೆ ತಿಪಟೂರಿನ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು. ಓದುವ ರಜೆಗೆ ಮನೆಗೆ ಬಂದಿದ್ದಳು, ಬೇಸಿಗೆ ಕಳೆಯುವುದರೊಳಗೆ ಪರೀಕ್ಷೆ. ಅದನ್ನು ಮುಗಿಸಿ, ಬಿ.ಎಡ್. ಮಾಡಿ, ಮೇಡಮ್ಮು ಆಗಬೇಕೆಂದು ಅವಳ ಆಸೆ. ಆಸೆ ಎಂದರೆ ಮೆಲ್ಲಗಾಯಿತು, ಹಟ. ಹಟ ಮಾಡಿದವಳಿಗೆ ಮಾರ್ಕೂ ಬರುತ್ತಿತ್ತು, ಅದರಿಂದ ನಾವು ಬಯ್ಯುವಂತಿರಲಿಲ್ಲ.

ಅಪ್ಪ ಗುರುಸಿದ್ದಪ್ಪ ತೋಟದ ಮನುಷ್ಯ. ಹೆಚ್ಚು ಮಾತಿಲ್ಲ. ಎಷ್ಟೋ ವರ್ಷಗಳಿಂದ ನಮ್ಮ ಕೊಬ್ಬರಿ ಹೋಗುತ್ತಿದ್ದುದು ರುದ್ರಪ್ಪನವರ ಮಂಡಿಗೇ. ಅಲ್ಲಿಂದ ಮನೆಗೆ ಬಂದ ಅಪ್ಪ ಒಂದು ದಿನ ಜಗಲಿಯ ಮೇಲೆ ಕೂತು, ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, "ರುದ್ರಪ್ಪನೋರು ನಮ್ಮ ಗಿರಿಜನ್ನ ನೋಡೋಕೆ ಬತ್ತಾರಂತೆ ಭಾನುವಾರ" ಎಂದರು.

"ನೀನೇನಂದೆ?" ಎಂದಳು ಅವ್ವ.

"ಅವ್ರು ಬತ್ತೀವಿ ಅಂದ್ಮೇಲೆ ನಾನೇನನ್ಲೇ? ಹೂಂ ಅಂದೆ."

ಹುಡುಗ ಒಳ್ಳೆಯವನು, ಸರ್ಕಾರಿ ಕೆಲಸ, ಹುಳಿಯಾರಿನ ದನದ ಆಸ್ಪತ್ರೆಯಲ್ಲಿ. ನಮ್ಮ ಮನೆಗೆ ಮೇಲೆಂದರೆ ಮೇಲೇ. ಒಂದು ಪದದ ಸಲುವಾಗಿ ಅಂಥ ಸಂಬಂಧ ತಪ್ಪಿ, 'ಒಳಗೆ ಕಪ್ಪು' ಎಂಬ ಮಾತು ನನ್ನ ತಂಗಿಯ ಹೆಸರಿನ ಜೊತೆ ಮಂಡಿಯ ತುಂಬ ಓಡಾಡುವುದು ನನಗೆ ಸಹಿಸಲಾಗದು. ಇಂಥ ಸಂದರ್ಭಕ್ಕೆ ನನಗೆ ಗೊತ್ತಿದ್ದ ಮದ್ದು ಒಂದೇ, ವೇಳಾಪಟ್ಟಿ. ಶಾಲೆಯ ಡಿಕ್ಷನರಿ ತಂದೆ. ಬೆಳಿಗ್ಗೆ ಕಸ ಗುಡಿಸುವ ಮುಂಚೆ ಇಷ್ಟು ಪದ, ಸಂಜೆ ದೀಪ ಹಚ್ಚಿದ ಮೇಲೆ ಇಷ್ಟು, ಊಟಕ್ಕೆ ಮುಂಚೆ ಪುನರಾವರ್ತನೆ. ಗಿರಿಜೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರೆ ನಾನು ಬಾಗಿಲಲ್ಲಿ ನಿಂತು ಕೇಳುವುದು.

"ಜೆಜೂನ್?"

"ಸಪ್ಪೆ, ಸತ್ವ ಇಲ್ಲದ್ದು. ಅಣ್ಣ, ಇವನ್ನೆಲ್ಲ ನಾನು ಯಾರ ಹತ್ರ ಆಡ್ಬೇಕು? ಗೌರಿ ಹತ್ರ ಆಡ್ಲಾ?"

ಗೌರಿ ಎಂದರೆ ಹಸು.

"ತಲೆಹರಟೆ ಬೇಡ. ಜೆನಿತ್?"

"ನಡುನೆತ್ತಿ. ಯಾರಾದ್ರೂ ನಿನ್ನ ನಡುನೆತ್ತಿಗೆ ಒಂದು ಕೊಡ್ಬೇಕು ನೋಡು."

ಕಲಿತಳು. ನನಗಿಂತ ಬೇಗ ಕಲಿತಳು. ಅವಳ ಪರೀಕ್ಷೆಯ ಪುಸ್ತಕಗಳು ಮಾತ್ರ ಅಷ್ಟು ದಿನವೂ ಗೂಡಿನಲ್ಲೇ ಇದ್ದವು. ಇಂಗ್ಲಿಷ್ ಬಿ.ಎ. ಓದುವ ಹುಡುಗಿಯ ಪುಸ್ತಕ ಮುಚ್ಚಿಸಿ, ಕೊಬ್ಬರಿ ಸಾಹುಕಾರನಿಗೆ ಒಪ್ಪಿಸಲು ಇಂಗ್ಲಿಷ್ ಉರು ಹೊಡೆಸುವುದು! ಆದರೂ ವೇಳಾಪಟ್ಟಿ ಬಹಳ ಅಚ್ಚುಕಟ್ಟಾಗಿತ್ತು, ಅಷ್ಟು ಮಾತ್ರ ಹೇಳಬಲ್ಲೆ.

ಭಾನುವಾರ ಬಂದರು. ರುದ್ರಪ್ಪನವರು ಬಿಳಿ ಕಚ್ಚೆ, ಕರಿ ಕೋಟು, ಹಣೆಗೆ ವಿಭೂತಿ. ಅವರ ಹೆಂಡತಿ ಬಂದು ಒಳಗೆ ಅವ್ವನ ಜೊತೆ ಕೂತರು. ಹುಡುಗ ಚಾಪೆಯ ಅಂಚಿನಲ್ಲಿ ಕೂತ. ಎಮ್ಮೆಯ ಬಾಯಿಗೆ ಕೈ ಹಾಕಿ ಹಲ್ಲು ಎಣಿಸುವ ಧೈರ್ಯವಿದ್ದವನು, ಉಪ್ಪಿಟ್ಟು ಇನ್ನಷ್ಟು ಹಾಕಲೇ ಎಂದು ಕೇಳಿದರೆ ಸೋದರಮಾವನ ಮುಖ ನೋಡುತ್ತಿದ್ದ. ಮಾವ ಹೂಂ ಎಂದು ತಲೆಯಾಡಿಸಿದ ಮೇಲೆ ಹಾಕಿಸಿಕೊಂಡ.

ಗಿರಿಜೆ ವಚನ ಹಾಡಿದಳು. ಅದು ಮುಗಿಯುವುದನ್ನೇ ಕಾಯುತ್ತಿದ್ದ ರುದ್ರಪ್ಪನವರು ಎಲೆಅಡಿಕೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಎಲ್ಲಿ, ಜೆಫಿರ್ ಅಂದ್ರೇನು ಹೇಳವ್ವ" ಎಂದರು.

"ತಂಗಾಳಿ."

ಅವರ ಹುಬ್ಬು ಮೇಲೆ ಹೋಯಿತು. ಇಷ್ಟು ವರ್ಷಗಳಲ್ಲಿ ಒಬ್ಬಳೂ ಹೇಳಿರಲಿಲ್ಲವಲ್ಲ. ಅಲ್ಲಿಗೇ ಬಿಡಬಾರದೆ? ಎರಡನೆಯ ಉಂಡೆಗೆ ಕೈ ಹಾಕಿದರು.

"ಗ್ಯೂಗಾ?"

"ಥಳಥಳ ಅನ್ನುತ್ತೆ, ಕೆಲಸಕ್ಕೆ ಬರಲ್ಲ. ಆ ಥರದ ಒಡವೆ."

"ಡೋಟಾರ್ಡ್?"

ಈ ಪದವನ್ನು ಆರಿಸಿಕೊಂಡು ಬಂದವರು ಅವರೇ, ನಮ್ಮ ಕೈವಾಡ ಏನೂ ಇಲ್ಲ. ಗಿರಿಜೆ ನೆಲ ನೋಡುತ್ತಲೇ, "ವಯಸ್ಸಾಗಿ ಬುದ್ಧಿ ಮಂಕಾದವರು" ಎಂದಳು. ನಾನು ಕೆಮ್ಮಿದೆ.

"ಭೇಷ್! ಸ್ಪೇದ್?"

"ಅದು ಒಳಗೆ ಒಲೇಲಿ ಉರೀತಾ ಐತೆ. ನಿಮ್ಮ ಕಾಫಿ ಕಾಯ್ತಿರೋದು ಅದ್ರಲ್ಲೇ."

ರುದ್ರಪ್ಪನವರು ತಬ್ಬಿಬ್ಬಾದರು. ಹೂಗೊಂಚಲನ್ನು ಮುಚ್ಚಿಕೊಂಡಿರುವ ಒರೆ ಎಂದು ಡಿಕ್ಷನರಿಯಲ್ಲಿ ಬಾಯಿಪಾಠ ಮಾಡಿದ್ದರು. ನಮ್ಮ ತೆಂಗಿನ ಹೊಂಬಾಳೆಗೆ ಇರುವುದೂ ಅದೇ ಒರೆ, ಒಣಗಿದ ಮೇಲೆ ಸೌದೆಯ ಜೊತೆ ಒಲೆಗೆ ಹೋಗುವುದೂ ಅದೇ ಎಂಬುದು ತೆಂಗಿನಿಂದಲೇ ಅನ್ನ ತಿನ್ನುವ ಈ ಮಹಾನುಭಾವರಿಗೆ ಹೊಳೆದೇ ಇರಲಿಲ್ಲ. ಅವರ ಪದ ಒಂದು ಕಪಾಟಿನಲ್ಲಿ, ಪ್ರಪಂಚ ಇನ್ನೊಂದು ಕಪಾಟಿನಲ್ಲಿ. ಎರಡರ ಬೀಗದ ಕೈಯೂ ಬೇರೆ.

ನಾನು ವಿವರಿಸಿದ ಮೇಲೆ ತೊಡೆ ತಟ್ಟಿಕೊಂಡು ನಕ್ಕರು.

"ಒಂದು ಒಡೆದು ನೋಡಿದ್ರೆ ಸಾಕು ಕಣ್ರೀ, ಚೀಲವೆಲ್ಲ ಗೊತ್ತಾಯ್ತದೆ. ನಾನು ನಾಕು ಒಡೆದೆ. ಎಲ್ಲಾ ಬೆಳ್ಳಗೈತೆ. ಗುರುಸಿದ್ದಪ್ಪ, ಮಾಲು ಒಪ್ಪಿದೆ ಕಣಯ್ಯ! ಈ ತಿಂಗಳ ಕೊನೇಲೇ ಲಗ್ನ ಇಟ್ಕೊಳವ."

"ಈ ತಿಂಗಳೇ? ಅವಳ ಪರೀಕ್ಷೆ..." ಎಂದೆ ನಾನು.

"ಪರೀಕ್ಷೆ ಗಿರೀಕ್ಷೆ ಯಾಕ್ ಬುಡಿ ಮೇಷ್ಟ್ರೇ. ನಾನೇ ಮಾಡಿದ್ನಲ್ಲ ಪರೀಕ್ಷೆಯ, ಪಾಸಾದ್ಲಲ್ಲ! ಹುಳಿಯಾರಲ್ಲಿ ಹಾಲು ಕಾಯ್ಸೋಕೆ ಇಷ್ಟು ಇಂಗ್ಲಿಷು ಬೇಕಾದಷ್ಟಾಯ್ತು."

ನೋಡಿದಿರಾ? ಇಂಗ್ಲಿಷ್ ಬರುತ್ತದೋ ಎಂದು ಜರಡಿ ಹಿಡಿದು, ಬರುತ್ತದೆ ಎಂದು ಖಾತ್ರಿಯಾದ ಮೇಲೆ, ಇನ್ನು ಓದಬೇಡ ಎನ್ನುವುದು. ಮೂರು ವರ್ಷದ ಓದು ಪದವಿಯಾಗಲು ಇನ್ನೇನು ಕೆಲವೇ ವಾರ ಇರುವಾಗ. ನನಗೆ ಸಿಟ್ಟು ಬಂತು. ಆದರೆ ಇಂಥ ಕಡೆ ಮಾತಾಡುವುದು ಅಪ್ಪನಿಗೆ ಬಿಟ್ಟದ್ದು ಎಂಬ ಕ್ರಮಕ್ಕೆ ಕಟ್ಟುಬಿದ್ದು ಸುಮ್ಮನೆ ಕೂತೆ. ಅಪ್ಪ ಚಾಪೆಯ ಎಳೆ ಕೀಳುತ್ತಿದ್ದರು.

ಗಿರಿಜೆ ಕಾಫಿ ಲೋಟಗಳ ತಟ್ಟೆಯನ್ನು ಕೆಳಗಿಟ್ಟಳು. ದನಿ ಏರಿಸಲಿಲ್ಲ.

"ರುದ್ರಪ್ಪನೋರೇ, ಮಂಡೀಲಿ ದರ ಕೂಗಿದ ಮೇಲೆ ರೈತನ್ನ ಒಂದು ಮಾತು ಕೇಳ್ತಾರಲ್ವಾ, ಕೊಡ್ತೀಯೇನಪ್ಪಾ ಅಂತ? ನಮ್ಮಪ್ಪನ್ನ ನೀವು ಕೇಳ್ಲೇ ಇಲ್ಲ."

ರುದ್ರಪ್ಪನವರು ಇದನ್ನೂ ಜಾಣತನದ ಮಾತೆಂದುಕೊಂಡರು. "ಅಯ್ಯೋ ತಾಯಿ, ಅದಕ್ಕೇನು, ಕೇಳ್ತೀನಿ. ಏನಯ್ಯಾ ಗುರುಸಿದ್ದಪ್ಪ, ಕೊಡ್ತೀಯಾ?"

ಈಗ ನಿಮಗೆ ಒಂದು ಸಂಗತಿ ಹೇಳಬೇಕು. ಮಂಡಿಯಲ್ಲಿ ಆ ಪ್ರಶ್ನೆಗೆ ನಮ್ಮಪ್ಪ ಜನ್ಮದಲ್ಲಿ ಬೇರೆ ಉತ್ತರ ಕೊಟ್ಟವರಲ್ಲ. ದರ ಎಷ್ಟೇ ಇರಲಿ, ಹೂಂ ಎಂದು ತಲೆ ಬಾಗಿಸಿಬಿಡುವರು. ಸಾಹುಕಾರರ ಎದುರು ಚೀಲ ವಾಪಸು ಕಟ್ಟುವುದು ದೊಡ್ಡ ಜಗಳ ಎಂದು ಅವರ ಎಣಿಕೆ. ಅವ್ವ ಬಾಗಿಲ ಹಿಂದಿನಿಂದ ಇಣುಕಿ ನೋಡುತ್ತಿದ್ದಳು. ಗಿರಿಜೆ ಅಪ್ಪನನ್ನೇ ನೋಡುತ್ತಿದ್ದಳು. ಅಪ್ಪನ ತಲೆ ಅಭ್ಯಾಸಬಲದಿಂದ ಕೆಳಗೆ ಹೊರಟಿತ್ತು, ನಾನೇ ಕಂಡೆ. ಅದು ಅರ್ಧ ದಾರಿಯಲ್ಲಿ ನಿಂತಿತು.

"ಇಲ್ಲ" ಎಂದರು ಅಪ್ಪ. ಹಾಗೆಂದದ್ದಕ್ಕೆ ತಾವೇ ಗಾಬರಿಯಾಗಿ, "ಕೊಡಲ್ಲ ಬುಡಿ" ಎಂದರು.

"ಏನಂದೆ?"

"ಮಗು ಪರೀಕ್ಷೆ ಬರೀಬೇಕು ಅಂತೈತೆ. ಬರೀಲಿ."

"ಯೋಚ್ನೆ ಮಾಡಿ ಮಾತಾಡಯ್ಯ. ನಾಳೆ ನನ್ನ ಮಂಡಿಗೆ ಬರೋನು ನೀನು."

"ಬತ್ತೀನಿ. ಕೊಬ್ಬರಿ ತತ್ತೀನಿ. ಅದನ್ನ ಒಡೆದು ನೋಡಿ."

ಆರಕ್ಷರದ ಪದಗಳ ಭಂಡಾರ ಎದ್ದು ನಿಂತಿತು. ರುದ್ರಪ್ಪನವರು ಕಾಫಿ ಮುಟ್ಟದೆ ಕೋಟು ಕೊಡವಿ, ಹೆಂಡತಿಯನ್ನು ಕೂಗಿಕೊಂಡು ರಸ್ತೆಗೆ ಇಳಿದರು.

ಹುಡುಗ ಹಿಂದೆ ಉಳಿದ. ಜಗಲಿಯ ಕೆಳಗೆ ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ, "ನನ್ನನ್ನೂ ಯಾರೂ ಕೇಳಿರಲಿಲ್ಲ ಕಣ್ರೀ" ಎಂದ. ನಮ್ಮ ಮನೆಯಲ್ಲಿ ಅವನು ಆಡಿದ ಮೊದಲ ಮಾತು.

ಬಾಗಿಲಲ್ಲಿ ನಿಂತಿದ್ದ ಗಿರಿಜೆ, "ಈಗ ನಾನು ಕೇಳ್ತಿದೀನಿ. ನನ್ನ ಪರೀಕ್ಷೆ ಆಗೋವರ್ಗೂ ಕಾಯ್ತಿದ್ರಾ?" ಎಂದಳು.

ಅವನು ತಲೆ ಎತ್ತಿದ. ಅವನ ಬಾಯಿ ತೆರೆದದ್ದನ್ನು ನಾನು ನೋಡಿದೆ. ಅಷ್ಟರಲ್ಲಿ ರಸ್ತೆಯ ಕಡೆಯಿಂದ, "ಲೇ ಶಿವಾ, ಬಸ್ ಬತ್ತಾ ಐತೆ ಬಾರ್ಲಾ!" ಎಂದು ಕೂಗು ಬಂತು. ಬಸ್ ಎಲ್ಲಿಯೂ ಬರುತ್ತಿರಲಿಲ್ಲ. ಅದು ಬರುವುದಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು, ಆ ದಾರಿಯ ಬಸ್ಸುಗಳ ವೇಳೆಯೆಲ್ಲ ನನಗೆ ಬಾಯಿಪಾಠ. ಹುಡುಗ ಒಂದು ಪಟ್ಟಿ ಹಾಕಿ, ಇನ್ನೊಂದನ್ನು ಹಾಗೇ ಬಿಟ್ಟು, ಚಪ್ಪಲಿ ಎಳೆದುಕೊಂಡು ಓಡಿದ.

"ಪಾಪ" ಎಂದಳು ಅವ್ವ.

"ಪಾಪ ಅನ್ಬ್ಯಾಡವ್ವ. ಹೂಂ ಅನ್ನೋಕೂ ಬರಲ್ಲ, ಊಹೂಂ ಅನ್ನೋಕೂ ಬರಲ್ಲ. ಇವ್ರ ಹತ್ರ ನಮ್ಮ ಗೌರೀನ ತೋರಿಸೋಕೂ ನಂಗೆ ಭಯ" ಎಂದು ಗಿರಿಜೆ ರುದ್ರಪ್ಪನವರು ಬಿಟ್ಟುಹೋದ ಕಾಫಿಯನ್ನು ತಾನೇ ಕುಡಿದಳು. ಸೀರೆ ಬದಲಿಸಿ, ಗೂಡಿನಿಂದ ಪುಸ್ತಕ ತೆಗೆದುಕೊಂಡು ಕೋಣೆ ಸೇರಿದಳು. ನಾನು ಹೊಸ ವೇಳಾಪಟ್ಟಿ ಹಾಕಿಕೊಡಲೇ ಎಂದು ಕೇಳಿದ್ದಕ್ಕೆ ಒಳಗಿನಿಂದ ಬಾಗಿಲ ಚಿಲಕದ ಸದ್ದು ಉತ್ತರವಾಗಿ ಬಂತು.

ಅಪ್ಪ ಮಾತ್ರ ಜಗಲಿಯ ಮೇಲೇ ಕೂತಿದ್ದರು. ಏನೋ ದೊಡ್ಡದೊಂದನ್ನು ಕೈಯಾರೆ ಒಡೆದುಬಿಟ್ಟವರ ಹಾಗೆ ಅಂಗೈ ನೋಡಿಕೊಳ್ಳುತ್ತಿದ್ದರು. ಹೆಣ್ಣು ನೋಡಲು ಬಂದವರು ಇಷ್ಟು ಬೇಗ ಹೊರಟದ್ದನ್ನು ಕಂಡ ಪಕ್ಕದ ಮನೆಯ ನಂಜಯ್ಯ, ಸುದ್ದಿಗೆ ಬಾಯಿ ಬಿಟ್ಟುಕೊಂಡು ಬೇಲಿಯ ಆಚೆಯಿಂದಲೇ, "ಏನ್ ಗುರುಸಿದ್ದಣ್ಣ, ಏನಾಯ್ತು? ಒಪ್ಕಂಡ್ರಾ? ಬುಟ್ಟೋದ್ರಾ?" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದ.

ಅಪ್ಪ ಕೋಣೆಯ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, ತುಟಿಯ ಮೇಲೆ ಬೆರಳಿಟ್ಟರು.

"ಮೆತ್ತಗೆ ಮಾತಾಡ್ಲಾ ನಂಜ. ಒಳಗೆ ಹುಡುಗಿ ಓದ್ತಾ ಅವ್ಳೆ."